ಏನನ್ನು ಉಳಿಸಿಕೊಳ್ಳಲಿ?

ಅಂಬೇವಾಡಿ, ಅಕ್ಟೋಬರ್ 5, 2025, ಭಾನುವಾರ

ಆಯುಧಪೂಜೆಯ ದಿನ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಅಪ್ಪ ಇಟ್ಟ ಕುಂಕುಮ ಇನ್ನೂ ಹಾಗೇ ಇದೆ. ಒರೆಸಲು ಮನಸ್ಸಾಗಿಲ್ಲ. ಮುಚ್ಚಳ ತೆರೆದರೆ ಪರದೆ ತುಂಬ ಒಂದೇ ಸೂಚನೆ. ಇದೇ 14ರಂದು ವಿಂಡೋಸ್ 10ರ ಕಾಲ ಮುಗಿಯುತ್ತದೆ. ಆಮೇಲೆ ಅದರ ಭದ್ರತೆಯ ತೂತುಗಳನ್ನು ಯಾರೂ ಪುಕ್ಕಟೆಯಾಗಿ ಮುಚ್ಚಿಕೊಡುವುದಿಲ್ಲ. ನೋಂದಾಯಿಸಿಕೊಂಡವರಿಗೆ ಮಾತ್ರ ಇನ್ನೊಂದು ವರ್ಷದ ಅವಕಾಶವಿದೆಯಂತೆ, 2026ರ ಅಕ್ಟೋಬರ್ 13ರವರೆಗೆ. ಇಲ್ಲವಾದರೆ ವಿಂಡೋಸ್ 11ಕ್ಕೆ ಏರಬೇಕು.

ಸೂಚನೆಯ ಕೆಳಗೆ ಒಂದು ಭರವಸೆಯ ಸಾಲಿದೆ: ನಿಮ್ಮ ಕಡತಗಳು, ಸೆಟ್ಟಿಂಗುಗಳು ಇದ್ದಲ್ಲೇ ಇರುತ್ತವೆ. ಈ ಸಾಲನ್ನು ಬೆಳಗಿನಿಂದ ನಾಲ್ಕು ಬಾರಿ ಓದಿದ್ದೇನೆ. ‘ನಿಮ್ಮ’ ಎಂಬ ಮಾತಿನ ಹತ್ತಿರವೇ ನಿಲ್ಲುತ್ತೇನೆ. ಈ ಯಂತ್ರದಲ್ಲಿ ನಮ್ಮದು ಯಾವುದು, ಅದರದ್ದು ಯಾವುದು? ಗೆರೆ ಎಳೆಯುವವರು ಯಾರು?

ಅಕ್ಟೋಬರ್ 6

ಉಳಿಯಲೇಬೇಕಾದದ್ದು ಒಂದಿದೆ. ಅದನ್ನು ಮೊದಲು ಬರೆದಿಡುತ್ತೇನೆ.

ಅಪ್ಪ ಸೂಪಾದವರು. ಕಾಳಿ, ಪಾಂಡರಿ ನದಿಗಳು ಕೂಡುವಲ್ಲಿದ್ದ ಆ ಊರು ಈಗ ನೀರಿನಡಿಯಲ್ಲಿದೆ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ನಿಂತಿತು, ಹಿಂದೆ ನೀರು ನಿಂತಿತು. ಊರಿನ ಅನೇಕರು ರಾಮನಗರದ ಪುನರ್ವಸತಿಗೆ ಹೋದರು, ಕೆಲವರು ನಮ್ಮ ಹಾಗೆ ದಾಂಡೇಲಿಯ ಮಗ್ಗುಲಿಗೆ ಬಂದರು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಹಿರಿಯರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಸೂಪಾ ತಾಲೂಕೇ.

ಶಾಲೆಯಿಂದ ನಿವೃತ್ತರಾದ ಮೇಲೆ ಅಪ್ಪ ಆ ಊರನ್ನು ಬರೆಯತೊಡಗಿದರು. ಯಾರ ಮನೆಯ ಪಕ್ಕ ಯಾರ ಮನೆ, ಯಾವ ಬಾವಿಯ ನೀರು ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ, ಯಾವ ಮಾವಿನ ಮರದಡಿ ಬಸ್ಸು ಕಾಯುತ್ತಿದ್ದರು, ಇಂಥವೇ. ಮನೆಯಲ್ಲಿ ಕೊಂಕಣಿ, ಬರೆಯುವುದು ಕನ್ನಡ. ಸಾವಧಾನವಾಗಿ, ಎರಡು ಬೆರಳಲ್ಲಿ, ‘ನುಡಿ’ ತಂತ್ರಾಂಶದಲ್ಲಿ. ಒಟ್ಟು ಇಪ್ಪತ್ತೆರಡು ಕಡತ. ಈಗ ಉಳಿದಿರುವುದು ಹತ್ತೊಂಬತ್ತು.

ಮೂರು ಹೋದದ್ದು 2014ರಲ್ಲಿ. ಆ ವರ್ಷದ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಯ ಬೆಂಬಲ ನಿಂತಿತ್ತು. ಹಳೆಯ ಡೆಸ್ಕ್‌ಟಾಪಿಗೆ ವಿಂಡೋಸ್ 7 ಹಾಕಿಸಲು ಕೊಟ್ಟೆವು. ‘ಡಿ ಡ್ರೈವ್ ಮುಟ್ಟುವುದಿಲ್ಲ, ಹೆದರಬೇಡಿ’ ಎಂದರು ಹಾಕಿಕೊಟ್ಟವರು. ಮಾತಿನಂತೆ ನಡೆದರು, ಡಿ ಮುಟ್ಟಲಿಲ್ಲ. ಆದರೆ ಅಪ್ಪ ಆ ವಾರ ಬರೆಯುತ್ತಿದ್ದ ಮೂರು ಕಡತಗಳು ಡೆಸ್ಕ್‌ಟಾಪಿನ ಮೇಲಿದ್ದವು. ಕಣ್ಣೆದುರಿಗೇ ಕಾಣುವ ಆ ಡೆಸ್ಕ್‌ಟಾಪ್ ಸಿ ಡ್ರೈವಿನೊಳಗಿನ ಒಂದು ಫೋಲ್ಡರ್ ಅಷ್ಟೇ ಎಂದು ನಮಗೆ ಗೊತ್ತಿರಲಿಲ್ಲ. ಮೇಜಿನ ಮೇಲಿಟ್ಟ ಕಾಗದ ಎಲ್ಲಿಗೆ ಹೋದೀತು ಎಂದುಕೊಂಡಿದ್ದೆವು.

ಅಕ್ಟೋಬರ್ 7

ನಿನ್ನೆ ರಾತ್ರಿ ಗುಡುಗು, ಸಿಡಿಲು. ಎರಡು ತಾಸು ಕರೆಂಟಿರಲಿಲ್ಲ. ಮೇಲ್ದರ್ಜೆಗೇರಿಸುವ ಕೆಲಸವನ್ನು ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರುವಾಗ, ಚಾರ್ಜರ್ ಚುಚ್ಚಿಕೊಂಡೇ, ಆಕಾಶ ತಿಳಿಯಾಗಿರುವ ಹಗಲಲ್ಲಿ ಮಾಡಬೇಕು. ಇದು ಕಂಪನಿಯ ಸೂಚನೆಯಲ್ಲಿಲ್ಲ. ದಾಂಡೇಲಿ ಕಡೆಯ ಅಕ್ಟೋಬರ್ ಗೊತ್ತಿದ್ದವರ ಸೂಚನೆ.

ಅಕ್ಟೋಬರ್ 8

ಯಂತ್ರಕ್ಕೆ ಅರ್ಹತೆಯಿದೆಯೇ ಎಂದು ನೋಡಲು ‘ಪಿಸಿ ಹೆಲ್ತ್ ಚೆಕ್’ ಎಂಬ ಸಣ್ಣ ತಂತ್ರಾಂಶವಿದೆ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್, ಟಿಪಿಎಂ 2.0 ಬೇಕು. ಇಂಟೆಲ್ ಪ್ರೊಸೆಸರಾದರೆ ಸುಮಾರಾಗಿ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದಿರಬೇಕು. ಟಿಪಿಎಂ ಎಂದರೆ ಬೀಗದ ಕೈಗಳನ್ನು ಕಾಪಿಡುವ ಪುಟ್ಟ ತಿಜೋರಿ. ನಮ್ಮದು 2019ರ ಲ್ಯಾಪ್‌ಟಾಪ್. ಮೊದಲು ‘ಟಿಪಿಎಂ ಇಲ್ಲ’ ಎಂದಿತು. ಬಯೋಸಿನೊಳಗೆ ಹೋಗಿ ‘ಪಿಟಿಟಿ’ ಎಂಬ ಸಾಲನ್ನು ಚಾಲೂ ಮಾಡಿದೆ, ‘ಇದೆ’ ಎಂದಿತು. ಆರು ವರ್ಷ ಮನೆಯಲ್ಲೇ ಇದ್ದ ತಿಜೋರಿ. ಬಾಗಿಲು ತೆರೆದವರಿರಲಿಲ್ಲ.

ಪಕ್ಕದ ಮನೆಯವರ ಯಂತ್ರ 2015ರದ್ದು. ಚೆನ್ನಾಗಿಯೇ ಓಡುತ್ತದೆ, ಆದರೆ ಅರ್ಹತೆಯಿಲ್ಲ. ಅವರಿಗೆ ಉಬುಂಟು ಹಾಕಿಕೊಳ್ಳಲು ಹೇಳಿದೆ. ಲಿನಕ್ಸಿನಲ್ಲಿ ನನಗೆ ಇಷ್ಟವಾದ ಒಂದು ವ್ಯವಸ್ಥೆಯಿದೆ: ಬಳಕೆದಾರರ ಸೊತ್ತೆಲ್ಲ ‘ಹೋಮ್’ ಎಂಬ ಒಂದೇ ಕೋಣೆಯಲ್ಲಿರುತ್ತದೆ, ಆ ಕೋಣೆಯನ್ನು ಡಿಸ್ಕಿನ ಪ್ರತ್ಯೇಕ ಭಾಗದಲ್ಲೇ ಕಟ್ಟಿಕೊಳ್ಳಬಹುದು. ಉಳಿದ ಮನೆಯನ್ನು ಕೆಡವಿ ಹೊಸದು ಕಟ್ಟಿದರೂ ಆ ಕೋಣೆ ನಿಂತಿರುತ್ತದೆ. ಹೆಸರನ್ನೂ ಸರಿಯಾಗಿಯೇ ಇಟ್ಟಿದ್ದಾರೆ, ಮನೆ ಎಂದು.

ಅಕ್ಟೋಬರ್ 11, ಶನಿವಾರ

ಇಂದು ಮೊದಲ ಪ್ರಯತ್ನ. ವಿಂಡೋಸ್ 11ರ ಸುಮಾರು ಏಳು ಜಿಬಿಯ ಐಎಸ್‌ಒ ಕಡತ ಇಳಿಯಲು ಎರಡು ರಾತ್ರಿ ಹಿಡಿದಿತ್ತು. ಅದನ್ನು ತೆರೆದು ‘ಸೆಟಪ್’ ಒತ್ತಿದೆ. ಪ್ರಶ್ನೆ ಬಂತು: ಏನನ್ನು ಉಳಿಸಿಕೊಳ್ಳಬೇಕು? ಉತ್ತರಗಳು ಮೂರು. ಕಡತಗಳು ಮತ್ತು ಆ್ಯಪ್‌ಗಳು, ಕಡತಗಳು ಮಾತ್ರ, ಏನೂ ಬೇಡ.

ಮೊದಲ ಉತ್ತರ ಮಸುಕಾಗಿತ್ತು. ಒತ್ತಿದರೆ ಒತ್ತಿಕೊಳ್ಳಲಿಲ್ಲ.

ಯಾಕೆ ಎಂದು ಹುಡುಕಲು ಅರ್ಧ ದಿನ ಹೋಯಿತು. ಯಂತ್ರದಲ್ಲಿದ್ದದ್ದು ‘ಅಂತರರಾಷ್ಟ್ರೀಯ ಇಂಗ್ಲಿಷ್’ನ ವಿಂಡೋಸ್, ನಾನು ಇಳಿಸಿಕೊಂಡದ್ದು ಅಮೆರಿಕದ ಇಂಗ್ಲಿಷಿನದು. ಮೂಲದ ಭಾಷೆ ಒಂದೇ ಆಗಿದ್ದರೆ ಮಾತ್ರ ಎಲ್ಲವನ್ನೂ ಹಾಗೇ ಉಳಿಸಿಕೊಡುತ್ತದೆ. ನನಗೆ ಎರಡೂ ಇಂಗ್ಲಿಷೇ, ಅದಕ್ಕೆ ಎರಡು ಬೇರೆ ಭಾಷೆ. ಆತುರದಲ್ಲಿ ‘ಕಡತಗಳು ಮಾತ್ರ’ ಒತ್ತಿಬಿಟ್ಟಿದ್ದರೆ ‘ನುಡಿ’ಯೇ ಹೋಗುತ್ತಿತ್ತು. ಅಪ್ಪನ ಹತ್ತೊಂಬತ್ತು ಕಡತ ಉಳಿಯುತ್ತಿದ್ದವು, ಓದುವ ಕಣ್ಣು ಹೋಗುತ್ತಿತ್ತು.

ರದ್ದು ಮಾಡಿದೆ. ಮತ್ತೆ ಎರಡು ರಾತ್ರಿಯ ಇಳಿಕೆ.

ಅಕ್ಟೋಬರ್ 12

ನಿನ್ನೆ ಬರೆದ ‘ಓದುವ ಕಣ್ಣು ಹೋಗುತ್ತಿತ್ತು’ ಎಂಬ ಮಾತನ್ನು ಬಿಡಿಸಿ ಬರೆಯಬೇಕು. ನನ್ನ ತಬ್ಬಿಬ್ಬಿನ ತಿರುಳು ಅಲ್ಲೇ ಇದೆ.

2014ರಲ್ಲಿ ಡಿ ಡ್ರೈವಿನಲ್ಲಿ ಸುರಕ್ಷಿತವಾಗಿ ಉಳಿದಿದ್ದ ಕಡತಗಳನ್ನು ಹೊಸ ವಿಂಡೋಸಿನಲ್ಲಿ ತೆರೆದಾಗ ಅಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿಬಿಟ್ಟಿದ್ದರು. ಪುಟದ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಟೋಪಿ, ಚುಕ್ಕಿ, ಬಾಲ. ‘ಅಕ್ಷರ ಎಲ್ಲಿ ಹೋದ್ವು?’ ಎಂದಷ್ಟೇ ಕೇಳಿದರು. ಆ ಧ್ವನಿ ನನಗೆ ಮರೆತಿಲ್ಲ. ಊರು ಒಮ್ಮೆ ಮುಳುಗಿತ್ತು, ಬರೆದ ಊರೂ ಮುಳುಗಿತು ಎಂದುಕೊಂಡಿರಬೇಕು.

ನಿಜದಲ್ಲಿ ಒಂದಕ್ಷರವೂ ಹೋಗಿರಲಿಲ್ಲ. ಹಳೆಯ ನುಡಿಯಲ್ಲಿ ಬರೆದ ಕನ್ನಡ ಯಂತ್ರದ ಲೆಕ್ಕದಲ್ಲಿ ಕನ್ನಡವಾಗಿರಲೇ ಇಲ್ಲ. ಇಂಗ್ಲಿಷಿಗೂ ಐರೋಪ್ಯ ಭಾಷೆಗಳಿಗೂ ಮೀಸಲಾದ ಸಂಕೇತಗಳಿಗೆ ಕನ್ನಡದ ತುಣುಕುಗಳ ಚಿತ್ರವನ್ನು ತೊಡಿಸಿದ್ದರು: ತಲೆಕಟ್ಟಿಗೊಂದು, ಕೊಂಬಿಗೊಂದು, ಒತ್ತಕ್ಷರಕ್ಕೊಂದು. ಫಾಂಟ್ ಇರುವವರೆಗೆ ವೇಷ ಪಕ್ಕಾ. ಫಾಂಟ್ ಹೋದ ಕೂಡಲೇ ವೇಷ ಕಳಚಿ ಒಳಗಿನ ಲ್ಯಾಟಿನ್ ಲಿಪಿ ಎದ್ದು ನಿಲ್ಲುತ್ತದೆ. ನುಡಿಯ ಫಾಂಟುಗಳನ್ನು ಮತ್ತೆ ಹಾಕಿದಾಗ ಅಪ್ಪನ ಸೂಪಾ ಮರಳಿ ಬಂತು.

ಹೀಗೆ ಮಾಡಿದವರನ್ನು ದೂರುವ ಮನಸ್ಸು ನನಗಿಲ್ಲ. ಅಂದಿನ ಯಂತ್ರಗಳಿಗೆ ಕನ್ನಡ ತಿಳಿದಿರಲಿಲ್ಲ. ಯೂನಿಕೋಡ್ ಎಂಬ ಸಂಕೇತಪಟ್ಟಿಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರದೇ ಸ್ಥಾನಗಳಿದ್ದವು. ಆದರೆ ವಿಂಡೋಸ್ ಕನ್ನಡವನ್ನು ಕನ್ನಡವಾಗಿ ತೋರಿಸತೊಡಗಿದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಂದಿಗೆ. ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ, ಇವೆರಡೂ ಇಲ್ಲದಿದ್ದರೆ ಅಪ್ಪನಂಥವರು ಕಂಪ್ಯೂಟರಿನಲ್ಲಿ ಒಂದು ಪುಟವನ್ನೂ ಬರೆಯುತ್ತಿರಲಿಲ್ಲ. ನುಡಿಯ ಕೀಲಿಮಣೆಯ ಬೇರು ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿದೆ. ಅಪ್ಪನ ಎರಡು ಬೆರಳಿಗೆ ಅದೊಂದೇ ಗೊತ್ತು. ಒತ್ತಕ್ಷರ ಬಂದಾಗ ಎಡಗೈ ತಾನಾಗಿ ‘ಎಫ್’ ಕೀಲಿಗೆ ಹೋಗುತ್ತದೆ.

ಆ ಬೆರಳಿನ ರೂಢಿಯೂ ‘ವೈಯಕ್ತಿಕ ಸೆಟ್ಟಿಂಗ್’ ಅಲ್ಲವೇ? ಅದನ್ನು ಯಂತ್ರ ಯಾವ ಫೋಲ್ಡರಿನಲ್ಲಿ ಇಟ್ಟಿದೆ?

ಅಕ್ಟೋಬರ್ 14, ಮಂಗಳವಾರ

ವಿಂಡೋಸ್ 10ರ ಕೊನೆಯ ದಿನ. ಯಂತ್ರ ಎಂದಿನಂತೆಯೇ ಓಡಿತು. ಬೆಂಬಲ ನಿಂತ ಯಂತ್ರ ನಿಲ್ಲುವುದಿಲ್ಲ, ಕಾವಲಿಲ್ಲದ ಮನೆಯಾಗುತ್ತದೆ.

ಇಂದು ಮಾಡಿದ ಸಿದ್ಧತೆ, ಮುಂದಿನ ಸಲಕ್ಕೂ ಬೇಕಾಗಬಹುದೆಂದು ಬರೆಯುತ್ತಿದ್ದೇನೆ.

ಹತ್ತೊಂಬತ್ತು ಕಡತಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲಿಸಿದೆ. ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿ ತಂಗಿಯ ಮನೆಗೆ ಕಳಿಸಿದೆ. ನಕಲು ಒಂದೇ ಸೂರಿನಡಿ ಇರಬಾರದು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಫೋಲ್ಡರುಗಳನ್ನೂ ಬಿಡಲಿಲ್ಲ. ನುಡಿಯ ಫಾಂಟುಗಳನ್ನು ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಎತ್ತಿ ಕಡತಗಳ ಪಕ್ಕದಲ್ಲೇ ಇಟ್ಟೆ. ಪ್ರತಿಯೊಂದು ಕಡತಕ್ಕೂ ಪಿಡಿಎಫ್ ಪ್ರತಿ ಮಾಡಿದೆ. ಪಿಡಿಎಫ್ ಫಾಂಟನ್ನು ತನ್ನೊಳಗೇ ಕಟ್ಟಿಕೊಳ್ಳುವುದರಿಂದ ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಬಿಟ್‌ಲಾಕರಿನ 48 ಅಂಕಿಯ ಮರುಪಡೆಯುವ ಕೀಲಿಯನ್ನು ಕಾಗದದಲ್ಲಿ ಬರೆದು ಅಪ್ಪನ ಪಾಸ್‌ಬುಕ್ಕಿನೊಳಗೆ ಇಟ್ಟೆ. ಡಿಸ್ಕಿಗೆ ಬೀಗವಿದ್ದು ಆ ಕೀಲಿ ಕೈಯಲ್ಲಿಲ್ಲದಿದ್ದರೆ ಕಡತಗಳು ಇದ್ದೂ ಇಲ್ಲದಂತೆ.

ಕೊನೆಗೆ ಮುಖ್ಯ ಕೆಲಸ: ನಕಲನ್ನು ಪಕ್ಕದ ಮನೆಯ ಯಂತ್ರದಲ್ಲಿ ತೆರೆದು ನೋಡಿದೆ. ತೆರೆದು ನೋಡದ ನಕಲು ನಕಲಲ್ಲ, ನಂಬಿಕೆ ಮಾತ್ರ.

ಅಕ್ಟೋಬರ್ 15

ಸರಿಯಾದ ಭಾಷೆಯ ಐಎಸ್‌ಒ. ಬೆಳಿಗ್ಗೆ ಹತ್ತಕ್ಕೆ ಶುರು. ಈ ಸಲ ‘ಕಡತಗಳು ಮತ್ತು ಆ್ಯಪ್‌ಗಳು’ ಸ್ಪಷ್ಟವಾಗಿ ಕಂಡಿತು. ಒತ್ತಿದೆ.

ಶೇಕಡಾ ಲೆಕ್ಕ ಏರುತ್ತಿರುವಾಗ ಒಳಗೆ ಏನಾಗುತ್ತದೆ ಎಂದು ಓದಿಕೊಂಡಿದ್ದೆ. ಮೊದಲ ಹಂತದಲ್ಲಿ ಹಳೆಯ ವಿಂಡೋಸ್ ಓಡುತ್ತಿರುವಾಗಲೇ ಹೊಸದರ ಸಾಮಾನು ಒಂದು ಮರೆಯ ಫೋಲ್ಡರಿನಲ್ಲಿ ಬಂದು ಸೇರುತ್ತದೆ. ಆಮೇಲೆ ಯಂತ್ರ ಆರಿ ಹತ್ತಿದಾಗ ಹಳೆಯದೂ ಇಲ್ಲ, ಹೊಸದೂ ಇಲ್ಲ. ರಿಪೇರಿಗೆಂದೇ ಇಟ್ಟ ಒಂದು ಚಿಕ್ಕ ವ್ಯವಸ್ಥೆ ಮಾತ್ರ ಎಚ್ಚರವಿರುತ್ತದೆ. ಅದು ಹಳೆಯ ವಿಂಡೋಸನ್ನು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿಗೆ ಸರಿಸಿ ಹೊಸದನ್ನು ಆ ಜಾಗದಲ್ಲಿ ಕೂರಿಸುತ್ತದೆ. ನಮ್ಮ ಕಡತಗಳನ್ನು ಒಂದೊಂದಾಗಿ ಹೊತ್ತು ಸಾಗಿಸುವುದಿಲ್ಲ. ಒಂದೇ ಡ್ರೈವಿನೊಳಗಾದ್ದರಿಂದ ಬೈಟುಗಳು ಇದ್ದ ಜಾಗದಲ್ಲೇ ಇರುತ್ತವೆ, ಅವುಗಳ ವಿಳಾಸದ ಚೀಟಿ ಮಾತ್ರ ಹೊಸ ಮನೆಯ ಪಟ್ಟಿಗೆ ಸೇರುತ್ತದೆ.

ಹಾಗಿದ್ದರೆ ಎರಡು ದಿನದಿಂದ ನಾನು ಕಾಣುತ್ತಿದ್ದ ಚಿತ್ರ ತಪ್ಪು. ಗಂಟುಮೂಟೆ ಕಟ್ಟಿ ಲಾರಿಗೆ ಹೇರಿ ರಾಮನಗರಕ್ಕೆ ಹೊರಟ ಹಾಗಲ್ಲ ಇದು. ಜನ ಕೂತಲ್ಲೇ ಕೂತಿದ್ದಾರೆ, ಮನೆ ಅವರ ಸುತ್ತ ಬದಲಾಗುತ್ತಿದೆ.

ಪರದೆ ಕಪ್ಪಾಗಿದ್ದ ಆ ಹತ್ತು ನಿಮಿಷಗಳಲ್ಲಿ ಹಿತ್ತಿಲ ಆಚೆಯ ಮರದಿಂದ ಮಂಗಟ್ಟೆ ಹಕ್ಕಿಯ ರೆಕ್ಕೆಯ ಗಾಳಿಸದ್ದು ಕೇಳಿಸಿತು. ನಮ್ಮ ಕಾಡಿನ ಈ ಹಕ್ಕಿಯಲ್ಲಿ ಹೆಣ್ಣು ಮೊಟ್ಟೆಯಿಡುವ ಕಾಲಕ್ಕೆ ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಮೆತ್ತಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಟ್ಟು. ಗಂಡು ಆ ಸೀಳಿನಿಂದಲೇ ಹಣ್ಣು ಉಣಿಸುತ್ತದೆ. ಒಳಗೆ ಕೂತೇ ಹೆಣ್ಣು ಹಾರುವ ಗರಿಗಳನ್ನು ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಆ ದಿನಗಳಲ್ಲಿ ಅದಕ್ಕೆ ಹಾರಲು ಬಾರದು. ನಡುವೆ ಬಾಗಿಲು ಒಡೆದರೆ ಹಕ್ಕಿ ಉಳಿಯುವುದು ಕಷ್ಟ. ‘ಯಂತ್ರವನ್ನು ಆರಿಸಬೇಡಿ’ ಎಂಬ ಸಾಲನ್ನು ನೋಡುತ್ತ ಕೂತವನಿಗೆ ಅದು ನೆನಪಾಯಿತು.

ಅಪ್ಪ ಎರಡು ಸಲ ಬಂದು ನೋಡಿ ಹೋದರು. ಏನೂ ಕೇಳಲಿಲ್ಲ.

ಅದೇ ದಿನ, ಸಂಜೆ

ಎರಡೂ ಕಾಲು ತಾಸಿನಲ್ಲಿ ಮುಗಿಯಿತು. ಗೋಡೆಯ ಚಿತ್ರ ಅದೇ, ಸೂಪಾ ಜಲಾಶಯದ್ದು. ಕಡತ ಹತ್ತೊಂಬತ್ತೂ ಇವೆ. ನುಡಿ ತೆರೆಯಿತು, ಅಕ್ಷರ ಕನ್ನಡವಾಗಿಯೇ ಕಂಡವು. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಉಳಿಯದ್ದು ಎರಡು. ಅಪ್ಪ ಟಾಸ್ಕ್‌ಬಾರನ್ನು ಪರದೆಯ ಮೇಲಂಚಿನಲ್ಲಿ ಇಟ್ಟುಕೊಂಡಿದ್ದರು, ಎಕ್ಸ್‌ಪಿಯ ಕಾಲದ ರೂಢಿ. ಈಗ ಅದು ಕೆಳಗೆ ಬಂದು ಕೂತಿದೆ, ಮೇಲೆ ಕಳಿಸಲು ಈ ವಿಂಡೋಸಿನಲ್ಲಿ ದಾರಿಯೇ ಇಲ್ಲ. ಹದಿನಾಲ್ಕು ವರ್ಷದ ಹಳೆಯ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಆದರೆ ಮುದ್ರಿಸುವುದಿಲ್ಲ. ಅದರ ಡ್ರೈವರ್ ಹೊಸ ವ್ಯವಸ್ಥೆಗೆ ಒಗ್ಗಲಿಲ್ಲ.

ಅಕ್ಟೋಬರ್ 17

ಸಂಜೆ ಸ್ಟೇಷನ್ ಕಡೆ ನಡೆದು ಬಂದೆ. ಅಳ್ನಾವರದಿಂದ ಬರುವ ಹಳಿ ದಾಂಡೇಲಿಯ ಹೆಸರಿನದ್ದಾದರೂ ಕೊನೆಗೊಳ್ಳುವುದು ನಮ್ಮ ಅಂಬೇವಾಡಿಯಲ್ಲಿ. ಹಿಂದೆ ಇದು ಮೀಟರ್ ಗೇಜ್, ಹಳಿಗಳ ನಡುವೆ 1,000 ಮಿಲಿಮೀಟರ್. ಈಗ ಬ್ರಾಡ್ ಗೇಜ್, 1,676. ಎಷ್ಟೋ ವರ್ಷ ಪ್ರಯಾಣಿಕರ ಗಾಡಿಯಿಲ್ಲದೆ ಇದ್ದು, 2019ರ ನವೆಂಬರಿನಲ್ಲಿ ಮತ್ತೆ ಬಂದ ದಿನ ಊರಿಗೆ ಊರೇ ಇಲ್ಲಿ ನಿಂತಿತ್ತು.

ದಾರಿ ಅದೇ ಊರುಗಳ ನಡುವಿನದು, ಕಾಡೂ ಅದೇ. ಆದರೆ ಮೀಟರ್ ಗೇಜಿನ ಒಂದು ಬೋಗಿಯನ್ನು ಜೋಪಾನವಾಗಿ ಕಾಪಾಡಿ ಇಟ್ಟುಕೊಂಡಿದ್ದರೂ ಇವತ್ತಿನ ಹಳಿಯ ಮೇಲೆ ಓಡಿಸಲಾಗದು. ಪ್ರಿಂಟರಿನ ಕಥೆಯೂ ಇದೇ, ಟಾಸ್ಕ್‌ಬಾರಿನದೂ ಇದೇ. ‘ಸೆಟ್ಟಿಂಗ್ ಉಳಿಸುತ್ತೇವೆ’ ಎಂದವರು ಸುಳ್ಳು ಹೇಳಲಿಲ್ಲ. ಅಪ್ಪನ ಆಯ್ಕೆ ಎಲ್ಲೋ ಒಂದು ಸಾಲಾಗಿ ಇನ್ನೂ ಇರಬಹುದು, ಆದರೆ ಅದು ಕೂರಲು ಹೊಸ ಮನೆಯಲ್ಲಿ ಮೊಳೆಯಿಲ್ಲ. ಉಳಿಯುವುದಕ್ಕೆ ವಸ್ತುವೊಂದೇ ಸಾಲದು, ಅದನ್ನು ಹೊರುವ ಹಳಿಯೂ ಬೇಕು.

ಹಾಗಾದರೆ ನುಡಿಯ ಕಡತಗಳು? ಅವೂ ಮೀಟರ್ ಗೇಜಿನ ಬೋಗಿಗಳೇ. ಇವತ್ತು ಓಡಿದವು. ಮುಂದಿನ ಸಲ?

ಅಕ್ಟೋಬರ್ 18

ಪುಣೆಯಲ್ಲಿರುವ ಮಗಳಿಗೆ ಅಜ್ಜನ ಒಂದು ಕಡತ ಕಳಿಸಿದೆ. ಫೋನಿನಲ್ಲಿ ತೆರೆದು ಚಿತ್ರ ತೆಗೆದು ವಾಪಸು ಕಳಿಸಿದಳು: ಟೋಪಿ, ಚುಕ್ಕಿ, ಬಾಲ. ಹನ್ನೊಂದು ವರ್ಷದ ಹಿಂದಿನ ಅದೇ ಪುಟ.

ಗೊತ್ತಾಯಿತು. ಮೇಲೇರಿಸಬೇಕಿದ್ದದ್ದು ವಿಂಡೋಸ್ ಒಂದೇ ಅಲ್ಲ. ಅಪ್ಪನ ಕಡತಗಳನ್ನು ವೇಷದ ಕನ್ನಡದಿಂದ ನಿಜದ ಕನ್ನಡಕ್ಕೆ, ಯೂನಿಕೋಡಿಗೆ, ತರಬೇಕಿತ್ತು. ಹಳೆಯ ಪ್ರತಿಯನ್ನು ಮುಟ್ಟದೆ, ಪಕ್ಕದಲ್ಲಿ ಹೊಸದನ್ನು ಮಾಡಿಕೊಂಡು.

ಅಕ್ಟೋಬರ್ 19

ಯೂನಿಕೋಡಿಗೆ ತರುವ ಪರಿವರ್ತಕ ತಂತ್ರಾಂಶ ಒಂದು ಕಡತವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಿಸುತ್ತದೆ. ತಿದ್ದಲು ಒಂದು ಹಗಲು ಬೇಕು.

ತಪ್ಪುಗಳು ಎಲ್ಲಿ ಬರುತ್ತವೆ ಎಂಬುದರಲ್ಲೇ ಪಾಠವಿದೆ. ‘ಸೂರ್ಯ’ ಎಂದು ಬರೆಯುವಾಗ ನಮ್ಮ ಕಣ್ಣಿಗೆ ಯಕಾರ ಮೊದಲು, ಅರ್ಕಾವೊತ್ತು ಆಮೇಲೆ. ಹಳೆಯ ನುಡಿ ಕಣ್ಣಿನ ಕ್ರಮದಲ್ಲೇ ಸಂಗ್ರಹಿಸಿದೆ. ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯುತ್ತದೆ: ಮೊದಲು ರಕಾರ, ಆಮೇಲೆ ಯಕಾರ. ಪರಿವರ್ತಕ ಹಿಂದುಮುಂದು ಮಾಡಿ ಜೋಡಿಸಬೇಕು, ಒತ್ತಕ್ಷರಗಳು ಕಿಕ್ಕಿರಿದಲ್ಲಿ ಎಡವುತ್ತದೆ. ಅಪ್ಪ ನಡುವೆ ಬರೆದ ಇಂಗ್ಲಿಷ್ ಪದಗಳನ್ನು ಅದು ಕನ್ನಡದ ವೇಷವೆಂದು ತಿಳಿದು ಬದಲಿಸಿ ಅರ್ಥವಿಲ್ಲದ ಅಕ್ಷರಗಳ ರಾಶಿ ಮಾಡಿದೆ. ಅಂಥ ಪದ ಏನಿತ್ತೆಂದು ಯಂತ್ರಕ್ಕೆ ತಿಳಿಯದು, ಬರೆದವರಿಗೇ ಗೊತ್ತು.

ಅಪ್ಪನನ್ನು ಕರೆದೆ. ಬಂದು ಕೂತರು.

ಹೊಸ ಕಡತಕ್ಕೆ ‘ತುಂಗಾ’ ಫಾಂಟ್ ಹಾಕಲು ಹೋದರೆ ಪಟ್ಟಿಯಲ್ಲಿರಲಿಲ್ಲ. ವಿಂಡೋಸ್ 10ರಿಂದ ಈಚೆಗೆ ಅದು ಐಚ್ಛಿಕ ಫಾಂಟುಗಳ ಕಂತೆಗೆ ಸೇರಿದೆ, ಬೇಕಾದವರು ಸೆಟ್ಟಿಂಗಿನಲ್ಲಿ ಕೇಳಿ ತರಿಸಿಕೊಳ್ಳಬೇಕು. ಸಾಮಾನ್ಯವಾಗಿ ಕಾಣುವುದು ‘ನಿರ್ಮಲಾ’. ಆದರೆ ತುಂಗಾ ಇಲ್ಲದಿದ್ದರೂ ಕನ್ನಡ ಕನ್ನಡವಾಗಿಯೇ ಕಂಡಿತು. ಯೂನಿಕೋಡಿನಲ್ಲಿ ಫಾಂಟ್ ಬಟ್ಟೆಯ ಹಾಗೆ, ಬದಲಿಸಿದರೂ ಮೈ ಅದೇ. ಹಳೆಯ ನುಡಿಯಲ್ಲಿ ಫಾಂಟೇ ಮೈಯಾಗಿತ್ತು.

ಅಕ್ಟೋಬರ್ 22

ದೀಪಾವಳಿ. ಮಗಳು ಬಂದಿದ್ದಾಳೆ. ಅಜ್ಜ ತಿದ್ದಿದ ಮೊದಲ ಅಧ್ಯಾಯ ಅವಳ ಫೋನಿನಲ್ಲಿ ತೆರೆಯಿತು. ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದಳು. ‘ಸಂಗಮ’ ಎಂದು ಹುಡುಕಿದಳು, ಪದ ಹಳದಿಯಾಗಿ ಎದ್ದು ನಿಂತಿತು. ಅಪ್ಪ ಬೆರಗಿನಿಂದ ನೋಡಿದರು.

ಅಕ್ಟೋಬರ್ 25

ಹತ್ತು ದಿನ ತುಂಬಿತು. ಇಷ್ಟು ದಿನ ವಿಂಡೋಸ್ 10ಕ್ಕೆ ಮರಳುವ ದಾರಿ ತೆರೆದಿತ್ತು. ಇನ್ನು ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರ್ ತಾನಾಗಿ ಅಳಿಯುತ್ತದೆ. ಹತ್ತೇ ದಿನ ಯಾಕೆ ಎಂದು ಮೊದಲು ಸಿಟ್ಟು ಬಂದಿತ್ತು. ಈಗ ಅದನ್ನು ತಡೆಯುವ ಆತುರ ನನಗಿಲ್ಲ.

ಮೊದಲ ದಿನದ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿಲ್ಲ. ಯಂತ್ರ ತನ್ನ ಗೆರೆ ಎಳೆದು, ಆ ಗೆರೆಯೊಳಗಿದ್ದದ್ದನ್ನು ಪ್ರಾಮಾಣಿಕವಾಗಿ ಉಳಿಸಿಕೊಟ್ಟಿತು. ಗೆರೆಯ ಹೊರಗಿದ್ದ ಫಾಂಟು, ಕೀಲಿ, ಬೆರಳಿನ ರೂಢಿ, ಓದಲು ಬರುವ ಮೊಮ್ಮಗಳು, ಇವನ್ನು ನಾವೇ ಲೆಕ್ಕ ಹಿಡಿಯಬೇಕಿತ್ತು. ಕಡತ ಉಳಿಯುವುದು ಒಂದು, ಓದಿಗೆ ಸಿಗುವಂತೆ ಉಳಿಯುವುದು ಇನ್ನೊಂದು.

ಬೆಳಿಗ್ಗೆ ಅಪ್ಪ ನನಗಿಂತ ಮೊದಲೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಐದನೆಯ ಅಧ್ಯಾಯದ ಅರ್ಕಾವೊತ್ತುಗಳನ್ನು ತಿದ್ದುತ್ತಿದ್ದಾರೆ ಎಂದುಕೊಂಡು ಹಿಂದೆ ಹೋಗಿ ನಿಂತೆ. ತಿದ್ದುತ್ತಿರಲಿಲ್ಲ, ಹೊಸ ಕಡತ ತೆರೆದಿದ್ದರು. ಮೇಲೆ ‘20’ ಎಂದಿತ್ತು. 2014ರಲ್ಲಿ ಹೋದ ಮೂರರಲ್ಲಿ ಮೊದಲನೆಯದು. ಎಡಗೈ ‘ಎಫ್’ ಕೀಲಿಗೆ ಹೋಗಿ ಬರುತ್ತಿತ್ತು.